ಮೊದಲು ಗೆರೆ, ಆಮೇಲೆ ಹೆಸರು: ರಕ್ತಸಂಬಂಧದ ಪ್ರಶ್ನೆಗಳಿಗೆ ಒಂದು ಪ್ರವೇಶ

ಹುಮನಾಬಾದ ಕಡೆಯ ಹುಡುಗ ಹುಡುಗಿಯರಿಗೆ ರಕ್ತಸಂಬಂಧದ ಪ್ರಶ್ನೆಗಳನ್ನು ಹೇಳಿಕೊಡಲು ಕೂತಾಗ ನಾನು ಪುಸ್ತಕ ತೆರೆಯುವುದಿಲ್ಲ. ಮಾಣಿಕನಗರದ ಸಂತ ಮಾಣಿಕಪ್ರಭುಗಳ ಮನೆತನವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಮಾಣಿಕಪ್ರಭುಗಳ ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಪ್ರಭುಗಳ ಅಣ್ಣ ದಾದಾ ಮಹಾರಾಜ, ತಮ್ಮ ತಾತ್ಯಾ ಮಹಾರಾಜ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಪ್ರಭುಗಳು 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಸ್ಥರಾದರು. ಅವರ ನಂತರ ಪೀಠಕ್ಕೆ ಬಂದವರು ಮನೋಹರ ಪ್ರಭುಗಳು, ಆಮೇಲೆ ಮಾರ್ತಾಂಡ ಪ್ರಭುಗಳು. ಇಷ್ಟು ಬರೆದು ಕೇಳುತ್ತೇನೆ: ಮಾರ್ತಾಂಡ ಪ್ರಭುಗಳು ಮಾಣಿಕಪ್ರಭುಗಳಿಗೆ ಏನಾಗಬೇಕು?

‘ಮೊಮ್ಮಗ’ ಎಂಬ ಉತ್ತರ ತಟ್ಟನೆ ಬರುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಂದರು ಎಂದರೆ ಮಗ, ಮೊಮ್ಮಗ ಎಂದೇ ನಮ್ಮ ಮನಸ್ಸು ಜೋಡಿಸಿಬಿಡುತ್ತದೆ. ಆದರೆ ಮನೋಹರ ಪ್ರಭು, ಮಾರ್ತಾಂಡ ಪ್ರಭು ಇಬ್ಬರೂ ತಾತ್ಯಾ ಮಹಾರಾಜರ ಮಕ್ಕಳು, ಒಡಹುಟ್ಟಿದವರು. ಇಬ್ಬರೂ ಮಾಣಿಕಪ್ರಭುಗಳಿಗೆ ತಮ್ಮನ ಮಕ್ಕಳೇ ಆಗಬೇಕು. ಇನ್ನೊಂದು ತೊಡಕು ಹೆಸರಿನದು. ಈ ಮನೆತನದಲ್ಲಿ ಮನೋಹರರು ಇಬ್ಬರಿದ್ದಾರೆ: ಅಜ್ಜ ಮನೋಹರ ನಾಯಕ, ಮೊಮ್ಮಗ ಮನೋಹರ ಪ್ರಭು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಹೆಸರನ್ನು ತಲೆಯಲ್ಲಿಟ್ಟುಕೊಂಡು ಲೆಕ್ಕ ಮಾಡಿದವರು ಇಲ್ಲಿ ಎಡವುತ್ತಾರೆ. ಹಾಳೆಯ ಮೇಲೆ ಮೂರು ಸಾಲು ಮಾಡಿ, ಯಾರು ಯಾವ ಸಾಲಿನವರು ಎಂದು ಬರೆದುಕೊಂಡವರು ಎಡವುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ. ಸಂಬಂಧದ ಹೆಸರು ಕೊನೆಗೆ ಬರಬೇಕು, ಗೆರೆ ಮೊದಲು ಬರಬೇಕು. ಬಾಯಿಗೆ ಬಂದ ‘ಮಾವ’, ‘ಅತ್ತೆ’, ‘ಅಳಿಯ’ಗಳನ್ನು ನಂಬಿ ಉತ್ತರ ಗುರುತಿಸಬೇಡಿ.

ಈ ಪ್ರಶ್ನೆಗಳು ಎಲ್ಲಿ ಬರುತ್ತವೆ ಎಂದು ಹೊಸಬರು ಕೇಳುತ್ತಾರೆ. ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಮಾನಸಿಕ ಸಾಮರ್ಥ್ಯ ಪತ್ರಿಕೆಯಿಂದ ಹಿಡಿದು ಪೊಲೀಸ್ ನೇಮಕಾತಿ, ರೈಲ್ವೆ, ಬ್ಯಾಂಕ್, ಎಸ್‌ಎಸ್‌ಸಿ, ಕೆಎಎಸ್ ಪೂರ್ವಭಾವಿಯವರೆಗೆ ಎಲ್ಲ ಕಡೆ. ಎನ್‌ಎಂಎಂಎಸ್‌ನ ಆ ಪತ್ರಿಕೆಯಲ್ಲಿ 90 ನಿಮಿಷಕ್ಕೆ 90 ಪ್ರಶ್ನೆ. ಎಸ್‌ಎಸ್‌ಸಿಯ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ರೀಸನಿಂಗ್ 25. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಅಂದರೆ ಒಂದು ಪ್ರಶ್ನೆಗೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಹೀಗಿರುವಾಗ ಚಿತ್ರ ಬರೆಯುತ್ತ ಕೂರಲು ಸಮಯವೆಲ್ಲಿದೆ ಎಂಬ ಅನುಮಾನ ಸಹಜ. ಚಿತ್ರ ಬರೆಯದೆ ಅದೇ ವಾಕ್ಯವನ್ನು ನಾಲ್ಕು ಸಲ ಓದುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ನಿಮ್ಮ ಗಡಿಯಾರ ಇಟ್ಟುಕೊಂಡು ನೋಡಿ.

ಚಿತ್ರದ ಗುರುತುಗಳು ಐದೇ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಗಂಡ ಹೆಂಡತಿಯ ನಡುವೆ ಜೋಡಿ ಗೆರೆ. ಒಡಹುಟ್ಟಿದವರ ನಡುವೆ ಒಂಟಿ ಅಡ್ಡಗೆರೆ. ತಂದೆ ತಾಯಿಯಿಂದ ಮಕ್ಕಳಿಗೆ ಕೆಳಗೆ ಇಳಿಯುವ ಉದ್ದಗೆರೆ. ಕೆಲವು ಪುಸ್ತಕಗಳಲ್ಲಿ ಗಂಡಸಿಗೆ ಅಧಿಕ ಚಿಹ್ನೆ, ಹೆಂಗಸಿಗೆ ಋಣ ಚಿಹ್ನೆ ಬಳಸುತ್ತಾರೆ, ಅದೂ ಸರಿಯೇ. ಆದರೆ ಸಂಕೇತದ ಪ್ರಶ್ನೆಗಳಲ್ಲಿ ಅದೇ ಚಿಹ್ನೆಗಳಿಗೆ ಬೇರೆ ಅರ್ಥ ಕೊಟ್ಟಿರುತ್ತಾರಾದ್ದರಿಂದ ಗೊಂದಲವಾಗುತ್ತದೆ. ನನ್ನ ಸಲಹೆ ಚೌಕ, ಸೊನ್ನೆ. ಗಂಡೋ ಹೆಣ್ಣೋ ತಿಳಿಯದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಈ ಚಿಹ್ನೆ ಎಷ್ಟು ಅಂಕ ಉಳಿಸಿಕೊಡುತ್ತದೆ ಎಂಬುದನ್ನು ಮುಂದೆ ತೋರಿಸುತ್ತೇನೆ.

ಈ ಬಗೆಯ ಚಿತ್ರ ಪರೀಕ್ಷೆಗಾಗಿ ಹುಟ್ಟಿದ್ದಲ್ಲ. ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ಮಾನವಶಾಸ್ತ್ರಜ್ಞ ನೀಲಗಿರಿಯ ತೋಡರ ನಡುವೆ ಇದ್ದು, ಮನೆಮನೆಯ ವಂಶಾವಳಿ ಬರೆದುಕೊಂಡು, 1906ರಲ್ಲಿ ಅವರ ಬಗ್ಗೆ ದೊಡ್ಡ ಪುಸ್ತಕ ಹೊರತಂದ. ಮಾನವಶಾಸ್ತ್ರಜ್ಞರು ಇಂದಿಗೂ ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ ಬರೆಯುತ್ತಾರೆ. ಆನುವಂಶಿಕ ಕಾಯಿಲೆಗಳನ್ನು ಗುರುತಿಸುವ ವೈದ್ಯರು ಗಂಡಸಿಗೆ ಚೌಕ ಬರೆಯುತ್ತಾರೆ. ನಮ್ಮ ಚೌಕ ಆ ವೈದ್ಯರದೇ.

ಈಗ ಸುಲಭದ ಒಂದು ಪ್ರಶ್ನೆ. ಫೋಟೊದಲ್ಲಿರುವ ಗಂಡಸನ್ನು ತೋರಿಸಿ ಒಬ್ಬ ಮಹಿಳೆ ಹೇಳಿದಳು: ‘ಇವನ ತಾಯಿ ನನ್ನ ತಂದೆಯ ಒಬ್ಬಳೇ ಮಗಳು.’ ಆ ಗಂಡಸು ಅವಳಿಗೆ ಏನಾಗಬೇಕು?

ಇಂಥ ವಾಕ್ಯವನ್ನು ಹಿಂದಿನಿಂದ ಬಿಡಿಸಬೇಕು. ‘ನನ್ನ’ ಎಂಬ ಮಾತು ಎಲ್ಲಿದೆಯೋ ಅಲ್ಲಿಂದ ಶುರುಮಾಡಿ. ನನ್ನ ತಂದೆ: ಒಂದು ಚೌಕ. ಅವನ ಒಬ್ಬಳೇ ಮಗಳು: ಕೆಳಗೆ ಒಂದು ಸೊನ್ನೆ. ಮಾತಾಡುತ್ತಿರುವವಳೂ ಅದೇ ತಂದೆಯ ಮಗಳು, ಒಬ್ಬಳೇ ಎಂದ ಮೇಲೆ ಆ ಸೊನ್ನೆ ಅವಳೇ. ಫೋಟೊದವನ ತಾಯಿ ಅವಳೇ, ಅವನು ಅವಳ ಮಗ. ಈಗ ಒಂದೇ ಪದ ಸೇರಿಸೋಣ: ‘ಇವನ ತಾಯಿ ನನ್ನ ತಾಯಿಯ ತಂದೆಯ ಒಬ್ಬಳೇ ಮಗಳು.’ ಈ ಸಲ ಒಬ್ಬಳೇ ಮಗಳು ಎಂದರೆ ಮಾತಾಡುವವಳ ತಾಯಿ. ಫೋಟೊದವನು ಅವಳ ಸಹೋದರ. ಒಂದು ಪದಕ್ಕೆ ಉತ್ತರ ಒಂದು ಸಾಲು ಮೇಲೇರಿತು. ‘ಒಬ್ಬಳೇ’, ‘ಏಕೈಕ’ ಎಂಬ ಪದ ಕಂಡ ಕೂಡಲೇ ಅಡಿಗೆರೆ ಎಳೆಯಿರಿ. ಪ್ರಶ್ನೆಯ ಕೀಲಿ ಹೆಚ್ಚಾಗಿ ಅಲ್ಲೇ ಇರುತ್ತದೆ.

ಇನ್ನು ನಮ್ಮ ಭಾಷೆಯ ಕಡೆ ತಿರುಗೋಣ, ಏಕೆಂದರೆ ನಮ್ಮ ಮಕ್ಕಳು ಬಹಳ ಕಡೆ ತಪ್ಪುವುದು ತರ್ಕದಲ್ಲಲ್ಲ. ಮನೆಯ ಮಾತಿಗೂ ಪ್ರಶ್ನೆಪತ್ರಿಕೆಯ ಮಾತಿಗೂ ಅಳತೆ ಬೇರೆ, ಅಲ್ಲೇ ತಪ್ಪುತ್ತಾರೆ.

ಪ್ರಶ್ನೆಪತ್ರಿಕೆಯನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಕಟ್ಟಿ ಕನ್ನಡಕ್ಕೆ ತರುತ್ತಾರೆ. ಇಂಗ್ಲಿಷಿನ ‘ಅಂಕಲ್’ ಒಂದೇ ಪದದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಇದ್ದಾರೆ. ನಮ್ಮ ಬೀದರ ಸೀಮೆಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಕೇಳುತ್ತವೆ. ಮರಾಠಿ ಮನೆಯಲ್ಲಿ ಕಾಕಾ ಬೇರೆ, ಮಾಮಾ ಬೇರೆ, ಮಾವಶಿ ಬೇರೆ, ಆತ್ಯಾ ಬೇರೆ. ಉರ್ದು ಮನೆಯಲ್ಲಿ ಚಾಚಾ, ಮಾಮೂ, ಖಾಲಾ, ಫೂಫಿ. ಅಪ್ಪನ ಕಡೆಯೋ ಅವ್ವನ ಕಡೆಯೋ ಎಂಬುದನ್ನು ಈ ಮಕ್ಕಳು ಮಾತು ಕಲಿಯುವಾಗಲೇ ಕಲಿತಿರುತ್ತಾರೆ. ಇದು ದೊಡ್ಡ ಬಲ. ಮಹಾನಗರದ ಇಂಗ್ಲಿಷ್ ಶಾಲೆಯಲ್ಲಿ ಎಲ್ಲರನ್ನೂ ಅಂಕಲ್, ಆಂಟಿ ಎಂದು ಕರೆದು ಬೆಳೆದ ಮಗು ಪರೀಕ್ಷೆಗಾಗಿ ಕಲಿಯಬೇಕಾದ ಭೇದ ನಮ್ಮ ಮಕ್ಕಳಿಗೆ ಮನೆಯಲ್ಲೇ ಬಂದಿರುತ್ತದೆ.

ಆದರೆ ಕನ್ನಡ ಬೇರೆ ಕೆಲವನ್ನು ಒಂದೇ ಹೆಸರಿನಲ್ಲಿ ಕೂಡಿಸಿಡುತ್ತದೆ. ಅವ್ವನ ಅಣ್ಣತಮ್ಮಂದಿರು ಮಾವ, ಅಪ್ಪನ ಅಕ್ಕತಂಗಿಯರ ಗಂಡಂದಿರು ಮಾವ, ಗಂಡನ ತಂದೆ ಅಥವಾ ಹೆಂಡತಿಯ ತಂದೆಯೂ ಮಾವ. ಅತ್ತೆಯೂ ಹಾಗೆಯೇ. ಮಗಳ ಗಂಡ ಅಳಿಯ. ಗಂಡಸಿಗೆ ಅಕ್ಕನ ಮಗನೂ ಅಳಿಯ. ಮಗನ ಹೆಂಡತಿ ಸೊಸೆ. ಹೆಂಗಸಿಗೆ ಅಣ್ಣನ ಮಗಳೂ ಸೊಸೆ. ಇದು ಭಾಷೆಯ ಬಡತನವಲ್ಲ. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಳ್ಳುವ ರೂಢಿ ಇದ್ದ ಸಮಾಜದಲ್ಲಿ ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆಗುತ್ತಿದ್ದ. ಬಸವಣ್ಣನವರ ಚರಿತ್ರೆಯನ್ನೇ ನೋಡಿ. ಸೋದರಮಾವ ಬಲದೇವ ತನ್ನ ಮಗಳು ಗಂಗಾಂಬಿಕೆಯನ್ನು ಅವರಿಗೆ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಬಲದೇವ ಎರಡು ದಾರಿಯಿಂದಲೂ ಮಾವ. ಅಕ್ಕ ನಾಗಲಾಂಬಿಕೆಯ ಮಗ ಚನ್ನಬಸವಣ್ಣ ಬಸವಣ್ಣನವರಿಗೆ ಸೋದರಳಿಯ.

ಇನ್ನೊಂದು ಕಡೆ ನಾವು ಅಣ್ಣನ ಮಗನನ್ನು ಮಗ ಎಂದೇ ಕರೆಯುತ್ತೇವೆ, ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಲೋಕದ ನಾನಾ ಜನಾಂಗಗಳ ಸಂಬಂಧಪದಗಳನ್ನು ಕಲೆಹಾಕಿ ಪ್ರಕಟಿಸಿದಾಗ ಅದರಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಪದಗಳೂ ಇದ್ದವು. ಅಣ್ಣನ ಮಗ ಮಗನೇ ಆಗುವ ಈ ಪದ್ಧತಿ ಅಮೆರಿಕದ ಇರೊಕ್ವಾ ಜನರಲ್ಲೂ ಇದ್ದುದನ್ನು ಕಂಡು ಆತ ಬೆರಗಾಗಿದ್ದ. ನಮ್ಮ ಮನೆಯ ಈ ಮಾತುಗಳು ದೊಡ್ಡ ವಿದ್ವಾಂಸರು ಆಯುಷ್ಯ ಸವೆಸಿ ಓದಿದ ವಿಷಯ. ಅವನ್ನು ಹಗುರಾಗಿ ಕಾಣಬೇಡಿ ಎಂದು ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ.

ಪರೀಕ್ಷೆಯಲ್ಲಿ ಮಾತ್ರ ಒಂದು ಒಪ್ಪಂದವಿದೆ. ಅಲ್ಲಿ ‘ಸಹೋದರ’ ಎಂದರೆ ಒಂದೇ ತಂದೆ ತಾಯಿಯ ಮಗ; ಚಿಕ್ಕಪ್ಪನ ಮಗನಲ್ಲ, ಅವನಿಗೆ ‘ಕಸಿನ್’ ಎಂಬ ಬೇರೆ ಪದವಿದೆ. ‘ಬ್ರದರ್’ ಎಂಬ ಪದವನ್ನು ಅನುವಾದಕರು ‘ಅಣ್ಣ’ ಎಂದು ಬರೆದಿದ್ದರೆ ಹಿರಿಯ ಎಂದು ತಿಳಿಯಬೇಡಿ, ಇಂಗ್ಲಿಷ್ ಸಾಲಿನಲ್ಲಿ ವಯಸ್ಸಿನ ಮಾತು ಇದೆಯೇ ನೋಡಿ. ಗಂಡನ ಮಗು ಹೆಂಡತಿಯ ಮಗುವೂ ಹೌದು ಎಂದೇ ಹಿಡಿಯಬೇಕು. ಸೋದರಿಕೆಯ ಮದುವೆ ಅಲ್ಲಿ ಇಲ್ಲ. ‘ಬ್ರದರ್-ಇನ್-ಲಾ’ ಒಂದರಲ್ಲೇ ನಮ್ಮ ಭಾವ, ಮೈದುನ, ಷಡ್ಡಕ ಮೂವರೂ ಅಡಗಿದ್ದಾರೆ ಎಂಬುದೂ ನೆನಪಿರಲಿ. ಕನ್ನಡ, ಇಂಗ್ಲಿಷ್ ಎರಡೂ ಅಚ್ಚಾಗಿರುವ ಪತ್ರಿಕೆಯಲ್ಲಿ ಸಂಬಂಧಪದ ಬಂದ ಕಡೆ ಎರಡನ್ನೂ ಓದಿ. ಅನುವಾದ ತಪ್ಪುವುದು ದೂರದ ಮಾತಲ್ಲ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳಿಂದಾಗಿ ಅದೇ ವರ್ಷ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಕನ್ನಡದಲ್ಲಿ ಓದಿದ ಮಕ್ಕಳಿಗೆ ಇದರಿಂದಾದ ಸಂಕಟ ಸಣ್ಣದಲ್ಲ. ನ್ಯಾಯವಾಗಿ ಅವರು ಕನ್ನಡವೊಂದನ್ನೇ ಓದಿ ಬರೆಯುವಂತಿರಬೇಕು. ಹಾಗಾಗುವ ತನಕ ಇಂಗ್ಲಿಷಿನ ಇಪ್ಪತ್ತು ಸಂಬಂಧಪದಗಳನ್ನು ಕಲಿತಿಡುವುದು ಲೇಸು.

ಸಂಕೇತದ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ‘ಪಿ ÷ ಕ್ಯೂ’ ಎಂದರೆ ಪಿ ಕ್ಯೂನ ಮಗಳು. ‘ಪಿ − ಕ್ಯೂ’ ಎಂದರೆ ಪಿ ಕ್ಯೂನ ಹೆಂಡತಿ. ‘ಪಿ × ಕ್ಯೂ’ ಎಂದರೆ ಪಿ ಕ್ಯೂನ ಸಹೋದರ. ಹಾಗಾದರೆ ‘ಎಂ ÷ ಎನ್ − ಓ × ಟಿ’ ಎಂಬಲ್ಲಿ ಟಿ ಎಂಗೆ ಏನಾಗಬೇಕು?

ಎಂ ಎನ್‌ನ ಮಗಳು: ಎಂ ಸೊನ್ನೆ, ಎನ್ ಮೇಲಿನ ಸಾಲು. ಎನ್ ಓನ ಹೆಂಡತಿ: ಎನ್ ಸೊನ್ನೆ, ಓ ಚೌಕ, ನಡುವೆ ಜೋಡಿ ಗೆರೆ. ಓ ಟಿಯ ಸಹೋದರ: ಓ ಗಂಡಸು ಎಂಬುದು ಮತ್ತೆ ಖಚಿತವಾಯಿತು. ಟಿ? ಟಿ ಗಂಡೋ ಹೆಣ್ಣೋ ಎಲ್ಲೂ ಹೇಳಿಲ್ಲ. ಸಹೋದರನಿರುವುದು ತಮ್ಮನಿಗೂ ಆಗಬಹುದು, ತಂಗಿಗೂ ಆಗಬಹುದು. ಟಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದವರಿಗೆ ಉತ್ತರ ಕಣ್ಣೆದುರಿಗಿದೆ: ‘ನಿರ್ಧರಿಸಲು ಸಾಧ್ಯವಿಲ್ಲ.’ ಚಿಹ್ನೆ ಹಾಕದವರು ‘ಚಿಕ್ಕಪ್ಪ’ ಎಂದು ಗುರುತಿಸಿ ಅಂಕ ಕಳೆದುಕೊಳ್ಳುತ್ತಾರೆ. ಸಂಕೇತದ ಪ್ರಶ್ನೆಗಳಲ್ಲಿ ಒಂದು ಸಂಗತಿ ಗಟ್ಟಿಯಾಗಿ ಹಿಡಿಯಿರಿ: ಮಗಳು, ಸಹೋದರ, ತಂದೆ ಎಂಬ ಪದ ಮೊದಲು ಬರೆದವರ ಲಿಂಗ ಹೇಳುತ್ತದೆ, ಎರಡನೆಯವರದ್ದಲ್ಲ. ಗಂಡ, ಹೆಂಡತಿ ಎಂಬ ಪದಗಳು ಮಾತ್ರ ಇಬ್ಬರದ್ದನ್ನೂ ಹೇಳುತ್ತವೆ. ಸಾಲಿನ ಕೊನೆಗೆ ನಿಂತವರ ಮೇಲೆ ಯಾವಾಗಲೂ ಅನುಮಾನವಿರಲಿ.

ಅದೇ ಚಿತ್ರವನ್ನು ತಿರುಗಿಸಿ ಎಂ ಟಿಗೆ ಏನಾಗಬೇಕು ಎಂದು ಕೇಳಿದರೆ ಇಂಗ್ಲಿಷಿನಲ್ಲಿ ‘ನೀಸ್’ ಎಂಬ ಒಂದೇ ಉತ್ತರ, ಸಂದೇಹವಿಲ್ಲ. ಕನ್ನಡದಲ್ಲಿ ಟಿ ಗಂಡಸಾದರೆ ಎಂ ಮಗಳು, ಟಿ ಹೆಂಗಸಾದರೆ ಎಂ ಸೋದರಸೊಸೆ. ಒಂದೇ ಚಿತ್ರ, ಎರಡು ಭಾಷೆಗೆ ಎರಡು ಬಗೆಯ ಉತ್ತರ. ಇಂಥ ಕಡೆ ‘ಸಹೋದರನ ಮಗಳು’ ಎಂದು ಬಿಡಿಸಿ ಓದಿಕೊಂಡರೆ ಯಾವ ಭಾಷೆಯ ಆಯ್ಕೆ ಕೊಟ್ಟರೂ ತೊಂದರೆಯಿಲ್ಲ.

ಬ್ಯಾಂಕ್ ಪರೀಕ್ಷೆಯಲ್ಲಿ ಬರುವುದು ಇನ್ನೊಂದು ಬಗೆ. ಸುಳಿವುಗಳನ್ನು ಕಲಸಿ ಕೊಟ್ಟಿರುತ್ತಾರೆ, ಒಂದರ ಮೇಲೆ ಮೂರ್ನಾಲ್ಕು ಪ್ರಶ್ನೆ. ಹೊಸಬರಿಗೆ ಭಯ ಹುಟ್ಟಿಸುವುದು ಇದೇ. ನಿಧಾನವಾಗಿ ನೋಡಿ.

ಒಂದು ಕುಟುಂಬದಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಜನ. ಮೂರು ತಲೆಮಾರು, ಎರಡು ದಂಪತಿ. ಎಫ್ ಇಯ ಸಹೋದರಿ. ಬಿ ಸಿಯ ಸೊಸೆ (ಇಂಗ್ಲಿಷ್ ಸಾಲಿನಲ್ಲಿ ಡಾಟರ್-ಇನ್-ಲಾ ಎಂದಿದೆ, ಹಾಗಾಗಿ ಮಗನ ಹೆಂಡತಿಯೇ). ಎ ಡಿಯ ಅಜ್ಜ. ಡಿಗಾಗಲಿ ಎಫ್‌ಗಾಗಲಿ ಮದುವೆಯಾಗಿಲ್ಲ.

ಬರೆದ ಕ್ರಮದಲ್ಲೇ ಸುಳಿವುಗಳನ್ನು ಬಳಸಬೇಕೆಂದೇನೂ ಇಲ್ಲ. ಎಫ್ ಮತ್ತು ಇ ಒಡಹುಟ್ಟಿದವರು ಎಂಬ ಮೊದಲ ಸುಳಿವಿನಿಂದ ಶುರುಮಾಡಿದರೆ ಅವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದೇ ತಿಳಿಯುವುದಿಲ್ಲ. ಹೆಚ್ಚು ತಲೆಮಾರು ದಾಟುವ ಸುಳಿವನ್ನು ಮೊದಲು ಹಿಡಿಯಿರಿ. ಎ ಡಿಯ ಅಜ್ಜ: ಎ ಮೇಲಿನ ಸಾಲಿಗೆ, ಚೌಕ. ಡಿ ಕೆಳಗಿನ ಸಾಲಿಗೆ. ಮೂರೇ ತಲೆಮಾರು ಇರುವುದರಿಂದ ಇಬ್ಬರ ಜಾಗವೂ ಗಟ್ಟಿ.

ಈಗ ದಂಪತಿಗಳು. ಎರಡು ದಂಪತಿ ಎಂದರೆ ನಾಲ್ಕು ಜನ. ಡಿ, ಎಫ್ ಮದುವೆಯಾಗದವರು, ಉಳಿದ ಎ, ಬಿ, ಸಿ, ಇ ನಾಲ್ವರೇ ಆ ಎರಡು ಜೋಡಿ. ಬಿ ಸಿಯ ಸೊಸೆಯಾದ್ದರಿಂದ ಬಿ–ಸಿ ಜೋಡಿಯಲ್ಲ. ಬಿಯ ಗಂಡ ಎ ಆಗಬಹುದೇ? ಹಾಗಾದರೆ ಸಿ ಎಯ ತಂದೆಯೋ ತಾಯಿಯೋ ಆಗಿ ಎಗಿಂತ ಮೇಲೆ ಕೂರಬೇಕು, ನಾಲ್ಕು ಸಾಲಾಗುತ್ತದೆ. ಆಗದು. ಆದ್ದರಿಂದ ಬಿಯ ಗಂಡ ಇ. ಉಳಿದದ್ದು ಎ–ಸಿ. ಎ ಗಂಡಸು, ಹಾಗಾಗಿ ಸಿ ಹೆಂಗಸು. ಇ ಅವರ ಮಗ, ಎಫ್ ಮಗಳು. ಎಫ್‌ಗೆ ಮದುವೆಯಾಗಿಲ್ಲವಾದ್ದರಿಂದ ಡಿ ಬಿ–ಇ ದಂಪತಿಯ ಮಗು.

ಮೇಲಿನ ಸಾಲು: ಎ □ = ಸಿ ○
ನಡುವಿನ ಸಾಲು: ಬಿ ○ = ಇ □ — ಎಫ್ ○
ಕೆಳಗಿನ ಸಾಲು: ಡಿ ?

ಚಿತ್ರ ಮುಗಿದ ಮೇಲೆ ಪ್ರಶ್ನೆಗಳಿಗೆ ಯೋಚಿಸುವ ಕೆಲಸವೇ ಇಲ್ಲ, ಓದಿದರೆ ಸಾಕು. ಸಿ ಬಿಗೆ ಏನಾಗಬೇಕು? ಅತ್ತೆ. ಎಫ್ ಡಿಗೆ ಏನಾಗಬೇಕು? ಅದೂ ಅತ್ತೆ. ಒಂದೇ ಕುಟುಂಬದಲ್ಲಿ, ಒಂದೇ ಪದ, ಎರಡು ಬೇರೆ ಸಂಬಂಧ: ಒಬ್ಬಳು ಗಂಡನ ತಾಯಿ, ಇನ್ನೊಬ್ಬಳು ಅಪ್ಪನ ತಂಗಿಯೋ ಅಕ್ಕನೋ. ಕುಟುಂಬದಲ್ಲಿ ಎಷ್ಟು ಜನ ಹೆಂಗಸರು? ಬಿ, ಸಿ, ಎಫ್ ಮೂವರು ಖಚಿತ. ಡಿ ಮೊಮ್ಮಗನೋ ಮೊಮ್ಮಗಳೋ ತಿಳಿಯದು, ಹಾಗಾಗಿ ಹೇಳಲಾಗದು. ‘ಎ ಡಿಯ ಅಜ್ಜ’ ಎಂದು ಓದಿದ ಕೂಡಲೇ ಡಿಯನ್ನು ಮೊಮ್ಮಗ ಎಂದು ಎಣಿಸಿದವರೇ ಬಹಳ ಜನ. ಹೆಸರು ಕೊಟ್ಟಾಗ ಈ ತಪ್ಪು ಇನ್ನೂ ಹೆಚ್ಚಾಗುತ್ತದೆ. ಕಿರಣ, ಜ್ಯೋತಿ, ಶಶಿ ಎಂಬ ಹೆಸರುಗಳನ್ನು ನಂಬಿ ಚೌಕವನ್ನೋ ಸೊನ್ನೆಯನ್ನೋ ಹಾಕಬೇಡಿ.

ಅಭ್ಯಾಸಕ್ಕೆ ಕಲ್ಯಾಣದ ಚಾಳುಕ್ಯರಿಗಿಂತ ಒಳ್ಳೆಯ ವಂಶಾವಳಿ ನನಗೆ ಸಿಕ್ಕಿಲ್ಲ. ನಮ್ಮ ನೆರೆಯ ಬಸವಕಲ್ಯಾಣದಲ್ಲೇ ಆಳಿದವರು, ಇತಿಹಾಸದ ಪತ್ರಿಕೆಗೂ ಬೇಕಾದವರು. ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ ಒಂದನೇ ಸೋಮೇಶ್ವರ 1068ರವರೆಗೆ ಆಳಿದ. ಅವನ ಹಿರಿಯ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ಅವನನ್ನು ಇಳಿಸಿ ತಮ್ಮ ಆರನೇ ವಿಕ್ರಮಾದಿತ್ಯ ಸಿಂಹಾಸನವೇರಿ ಅರ್ಧ ಶತಮಾನ ಆಳಿದ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ, ‘ಮಾನಸೋಲ್ಲಾಸ’ ಬರೆದವನು. ಅವನ ಮಕ್ಕಳು ಎರಡನೇ ಜಗದೇಕಮಲ್ಲ ಮತ್ತು ಮೂರನೇ ತೈಲಪ. ತೈಲಪನ ಮಗ ನಾಲ್ಕನೇ ಸೋಮೇಶ್ವರ.

ನಾಲ್ವರು ಸೋಮೇಶ್ವರರು ಒಂದೇ ಮರದಲ್ಲಿ. ಒಂದು, ಎರಡು, ಮೂರು ಎಂಬ ಅಂಕಿ ನೋಡಿ ಅಜ್ಜ, ಮಗ, ಮೊಮ್ಮಗ ಎಂದು ಇಳಿಸಿದರೆ ಎರಡನೆಯವನು ಮೂರನೆಯವನ ತಂದೆಯಾಗಿಬಿಡುತ್ತಾನೆ. ಅಂಕಿ ಪಟ್ಟದ ಲೆಕ್ಕ, ತಲೆಮಾರಿನದಲ್ಲ. ಸಾಲು ಹಾಕಿ ನೋಡಿ: ಎರಡನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯ ಒಂದೇ ಸಾಲು, ಮೂರನೇ ಸೋಮೇಶ್ವರ ಅದರ ಕೆಳಗೆ, ವಿಕ್ರಮಾದಿತ್ಯನ ಕಡೆಯಿಂದ. ಹಾಗಾಗಿ ಎರಡನೇ ಸೋಮೇಶ್ವರ ಮೂರನೆಯವನಿಗೆ ದೊಡ್ಡಪ್ಪ. ಇದೇ ಚಿತ್ರದಿಂದ ಇನ್ನೆರಡು ಪ್ರಶ್ನೆ ನೀವೇ ಬಿಡಿಸಿ: ಒಂದನೇ ಸೋಮೇಶ್ವರ ಎರಡನೇ ಜಗದೇಕಮಲ್ಲನಿಗೆ ಏನಾಗಬೇಕು? ಎರಡನೇ ಜಗದೇಕಮಲ್ಲ ನಾಲ್ಕನೇ ಸೋಮೇಶ್ವರನಿಗೆ ಏನಾಗಬೇಕು? ಮೊದಲನೆಯದಕ್ಕೆ ಮೂರು ಗೆರೆ ಹತ್ತಬೇಕು: ತಂದೆ, ಅಜ್ಜ, ಮುತ್ತಜ್ಜ. ಎರಡನೆಯದಕ್ಕೆ ಒಂದು ಗೆರೆ ಹತ್ತಿ ಒಂದು ಅಡ್ಡಗೆರೆ ದಾಟಬೇಕು: ತಂದೆಯ ಅಣ್ಣ, ದೊಡ್ಡಪ್ಪ.

ಪರೀಕ್ಷಾ ಕೋಣೆಯಲ್ಲಿ ರಫ್ ಹಾಳೆಯ ಒಂದು ಮೂಲೆಯನ್ನು ಈ ಚಿತ್ರಗಳಿಗೇ ಬಿಡಿ, ಒಂದರ ಮೇಲೊಂದು ಗೀಚಬೇಡಿ. ಒಂದೇ ಚಿತ್ರಕ್ಕೆ ಮೂರು ಪ್ರಶ್ನೆ ಇದ್ದಾಗ ಹಿಂತಿರುಗಿ ನೋಡಬೇಕಾಗುತ್ತದೆ. ಹೊಸಬರು ಮೊದಲ ಎರಡು ವಾರ ಗಡಿಯಾರದ ಕಡೆ ನೋಡದೆ, ಪ್ರತಿ ಪ್ರಶ್ನೆಗೂ ಪೂರ್ತಿ ಚಿತ್ರ ಬರೆಯಲಿ, ಸುಲಭದ ಪ್ರಶ್ನೆಗೂ. ಕೈ ಕೂತ ಮೇಲೆ ಎರಡು ಗೆರೆಯ ಪ್ರಶ್ನೆಗಳು ಮನಸ್ಸಿನಲ್ಲೇ ಬಿಡಿಸಿಕೊಳ್ಳುತ್ತವೆ, ಆರು ಜನರ ಕುಟುಂಬಕ್ಕೆ ಮಾತ್ರ ಪೆನ್ನು ಬೇಕಾಗುತ್ತದೆ. ಎರಡು ನಿಮಿಷ ಕಳೆದರೂ ಯಾರಾದರೊಬ್ಬರ ಸಾಲು ತಿಳಿಯದೆ ಉಳಿದಿದ್ದರೆ, ಆ ಗುಂಪನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ, ಕೊನೆಗೆ ಸಮಯವಿದ್ದರೆ ಮತ್ತೆ ಬನ್ನಿ.